ಕಾಡಿಗೆ ಹೋದವರೆಲ್ಲ ವಾಪಸ್ ಬಂದರಾ? ಓರಿಯಂಟೀರಿಂಗ್‌ನಲ್ಲಿ ಓಡುವವರಿಗೂ ನಡೆಸುವವರಿಗೂ

ಬೇಸಿಗೆ ಬಂದರೆ ಓರಿಯಂಟೀರಿಂಗ್ ಕ್ಲಬ್‌ಗಳು ಸಣ್ಣಪುಟ್ಟ ಸ್ಪರ್ಧೆ ಇಡುತ್ತವೆ. ಕೈಯಲ್ಲಿ ಒಂದು ಮ್ಯಾಪು, ಒಂದು ಕಂಪಾಸು. ಕಾಡಿನಲ್ಲೋ ಪಾರ್ಕಿನಲ್ಲೋ ಅಲ್ಲಲ್ಲಿ ತೂಗುಹಾಕಿದ ಬಾವುಟಗಳನ್ನು ಹೇಳಿದ ಕ್ರಮದಲ್ಲೇ ಹುಡುಕಿಕೊಂಡು ಹೋಗಬೇಕು. ದಾರಿ ಯಾರೂ ತೋರಿಸುವುದಿಲ್ಲ, ನೀವೇ ಆರಿಸಿಕೊಳ್ಳಬೇಕು. 1897ರ ಅಕ್ಟೋಬರ್ 31ರಂದು ನಾರ್ವೆಯ ಓಸ್ಲೋ ಹತ್ತಿರ ಮೊದಲ ಸಾರ್ವಜನಿಕ ಸ್ಪರ್ಧೆ ನಡೆದಾಗ ಓಡಿದವರು 8 ಜನ. ಸ್ವೀಡನ್‌ನಲ್ಲಿ 1965ರಲ್ಲಿ ಶುರುವಾದ ಐದು ದಿನಗಳ ಬೇಸಿಗೆ ಸ್ಪರ್ಧೆ 'ಓ-ರಿಂಗೆನ್'ಗೆ ಈಗ ಸಾವಿರಾರು ಜನ ಬರುತ್ತಾರೆ. ಎಂಟು ಜನರಿರಲಿ, ಸಾವಿರಾರು ಜನರಿರಲಿ, ನಡೆಸುವವರು ನೋಡಿಕೊಳ್ಳಬೇಕಾದ ಮುಖ್ಯ ಕೆಲಸ ಎರಡೇ. ಬಾವುಟ ಮ್ಯಾಪಿನಲ್ಲಿ ತೋರಿಸಿದ ಜಾಗದಲ್ಲೇ ಇರಬೇಕು. ಒಳಗೆ ಹೋದವರೆಲ್ಲ ಹೊರಗೆ ಬಂದರು ಅಂತ ಖಾತ್ರಿಯಾಗಬೇಕು. ಮೊದಲನೆಯದು ಆಟದ ಜೀವ. ಎರಡನೆಯದು ಆಡುವವರ ಜೀವಕ್ಕೇ ಸಂಬಂಧಪಟ್ಟದ್ದು.

ಓಡುವವರು: ಶುರುವಿನಲ್ಲೇ ಓಡಬೇಡಿ

ಹೊಸಬರಾದರೆ ಎಲ್ಲಕ್ಕಿಂತ ಸುಲಭದ ಕೋರ್ಸ್, ಅಂದರೆ ಕ್ರಮವಾಗಿ ಹುಡುಕಬೇಕಾದ ಬಾವುಟಗಳ ಸರಣಿ, ಆರಿಸಿಕೊಳ್ಳಿ. ಅದರಲ್ಲಿ ಬಾವುಟಗಳು ಹೆಚ್ಚಾಗಿ ಕಾಲುದಾರಿಯ ಪಕ್ಕದಲ್ಲೇ ಇರುತ್ತವೆ. ಒಂದು ಮಾತು ನೆನಪಿರಲಿ, ಕೋರ್ಸ್‌ನ ಉದ್ದವನ್ನು ಬಾವುಟದಿಂದ ಬಾವುಟಕ್ಕೆ ನೇರ ಗೆರೆ ಎಳೆದು ಅಳೆದಿರುತ್ತಾರೆ. 3 ಕಿಲೋಮೀಟರ್ ಅಂತ ಬರೆದಿದ್ದರೆ ನಿಮ್ಮ ಕಾಲು ಅದಕ್ಕಿಂತ ಜಾಸ್ತಿಯೇ ನಡೆಯುತ್ತದೆ.

ಮ್ಯಾಪು ಕೈಗೆ ಬಂದ ತಕ್ಷಣ ಮೊದಲು ಉತ್ತರ ದಿಕ್ಕು ಹೊಂದಿಸಿಕೊಳ್ಳಿ. ಕಂಪಾಸನ್ನು ಮ್ಯಾಪಿನ ಮೇಲಿಡಿ. ಸೂಜಿ ಮ್ಯಾಪಿನ ಉತ್ತರದ ಗೆರೆಗಳಿಗೆ ಸರಿಯಾಗಿ ಕೂರುವವರೆಗೆ ಮೈಯನ್ನೇ ತಿರುಗಿಸಿ. ಈಗ ಮ್ಯಾಪಿನಲ್ಲಿ ಎಡಕ್ಕಿರುವುದು ನೆಲದ ಮೇಲೂ ಎಡಕ್ಕೇ ಇರುತ್ತದೆ. ನೇರಳೆ ಬಣ್ಣದ ತ್ರಿಕೋನ ಹೊರಡುವ ಜಾಗ, ಒಂಟಿ ವೃತ್ತಗಳು ಬಾವುಟ ಇರುವ ಕಂಟ್ರೋಲ್‌ಗಳು, ಜೋಡಿ ವೃತ್ತ ಮುಗಿಯುವ ಜಾಗ. ಬಾವುಟ ಇರುವುದು ವೃತ್ತದ ನಟ್ಟನಡುವೆ.

ಬಣ್ಣಗಳನ್ನು ಹೊರಡುವ ಮೊದಲೇ ತಿಳಿದುಕೊಂಡಿರಿ. ಕಂದು ಗೆರೆಗಳು ಏರಿಳಿತ, ನೀಲಿ ನೀರು, ಕಪ್ಪು ಬಂಡೆ, ದಾರಿ, ಕಟ್ಟಡ. ಹಸಿರು ಗಾಢವಾದಷ್ಟೂ ಒಳಗೆ ನುಗ್ಗುವುದು ಕಷ್ಟ. ಹೊಸಬರು ಎಡವುವುದು ಬಿಳಿಯಲ್ಲಿ. ಬಿಳಿ ಕಂಡರೆ ಬಯಲು ಅಂದುಕೊಳ್ಳುತ್ತಾರೆ. ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಕಾಡು. ಬಯಲಿಗೆ ಹಳದಿ.

ಬೇಸಿಗೆಯಲ್ಲಿ ಮ್ಯಾಪೂ ನೆಲವೂ ಸ್ವಲ್ಪ ಬೇರೆ ಬೇರೆ ಕಾಣುತ್ತವೆ. ಒಂದು ಕಡೆ ನೀಲಿ ಗೆರೆ ಇರುತ್ತದೆ, ಹೋಗಿ ನೋಡಿದರೆ ಹಳ್ಳ ಒಣಗಿರುತ್ತದೆ. ಇನ್ನೊಂದು ಕಡೆ ಸಲೀಸು ಅಂತ ತೋರಿಸಿದ ಜಾಗದಲ್ಲಿ ಗಿಡಗಂಟಿ ಸೊಂಟದ ಮಟ್ಟ ಬೆಳೆದಿರುತ್ತದೆ. ಹಾಗಾಗಿ ದಿಬ್ಬ, ಕೊರಕಲು, ಬಂಡೆಗಳನ್ನು ಜಾಸ್ತಿ ನಂಬಿ. ಅವು ಋತುವಿಗೆ ತಕ್ಕಂತೆ ಬದಲಾಗುವುದಿಲ್ಲ.

ಓಡುವಾಗ ನೀವಿರುವ ಜಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡಿರಿ. ಮುಂದೆ ಹೋದಂತೆಲ್ಲ ಬೆರಳೂ ಸರಿಯಬೇಕು. ತಲೆ ಎತ್ತಿ ಮರ ನೋಡಿ ಮತ್ತೆ ಮ್ಯಾಪು ನೋಡಿದಾಗ ಕಣ್ಣು ಹುಡುಕಾಡುವುದು ತಪ್ಪುತ್ತದೆ. ಬಾವುಟಕ್ಕೆ ನೇರವಾಗಿ ಗುರಿ ಇಡಬೇಡಿ. ಅದರ ಹತ್ತಿರ ಎದ್ದು ಕಾಣುವ ಜಾಗ ಯಾವುದು ಅಂತ ನೋಡಿ, ದಾರಿ ಕವಲೊಡೆಯುವಲ್ಲಿ ಅಥವಾ ಬೇಲಿ ತಿರುಗುವಲ್ಲಿ. ಅಲ್ಲಿಗೆ ಜೋರಾಗಿ ಓಡಿ. ಅಲ್ಲಿಂದ ಬಾವುಟದವರೆಗೆ ಮೆಲ್ಲಗೆ, ಹೆಜ್ಜೆ ಎಣಿಸುತ್ತಾ ಹೋಗಿ. 1:10,000 ಅಳತೆಯ ಮ್ಯಾಪಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ನೂರು ಮೀಟರ್. ನೂರು ಮೀಟರಿಗೆ ನಿಮಗೆ ಎಷ್ಟು ಹೆಜ್ಜೆ ಬೇಕು ಅಂತ ಮನೆ ಹತ್ತಿರವೇ ಒಮ್ಮೆ ಎಣಿಸಿ ಬನ್ನಿ.

ಬಾವುಟ ಸಿಕ್ಕಿತು ಅಂತ ತಕ್ಷಣ ಪಂಚ್ ಮಾಡಬೇಡಿ (ಪಂಚ್ ಅಂದರೆ ಅಲ್ಲಿಗೆ ಬಂದಿದ್ದಕ್ಕೆ ಗುರುತು ಒತ್ತುವುದು). ಬಾವುಟದ ಮೇಲಿನ ಸಂಖ್ಯೆ ನಿಮ್ಮ ಕಂಟ್ರೋಲ್‌ಗಳ ಪಟ್ಟಿಯ ಚೀಟಿಯಲ್ಲಿರುವುದೇನಾ ನೋಡಿ. ಇನ್ನೊಂದು ಕೋರ್ಸ್‌ನ ಬಾವುಟವೂ ಪಕ್ಕದಲ್ಲೇ ಇರಬಹುದು. ಈ ಸಂಖ್ಯೆಗಳು 31ರಿಂದ ಶುರುವಾಗುತ್ತವೆ. ಒಂದನೇ ಕಂಟ್ರೋಲು, ಎರಡನೇ ಕಂಟ್ರೋಲು ಅನ್ನುವ ಕ್ರಮಸಂಖ್ಯೆಯ ಜೊತೆ ಗೊಂದಲ ಆಗದಿರಲಿ ಅಂತ.

ದಾರಿ ತಪ್ಪಿತು ಅನ್ನಿಸಿದರೆ ಮೊದಲು ನಿಲ್ಲಿ. ಮ್ಯಾಪನ್ನು ಮತ್ತೆ ಉತ್ತರಕ್ಕೆ ಹೊಂದಿಸಿ, ಕೊನೆಯದಾಗಿ ಗೊತ್ತಿದ್ದ ಜಾಗಕ್ಕೆ ವಾಪಸ್ ಹೋಗಿ. ಹೆಚ್ಚಿನವರು ಗಾಬರಿಯಲ್ಲಿ ಇನ್ನೂ ಜೋರಾಗಿ ಓಡುತ್ತಾರೆ. ಒಂದು ನಿಮಿಷ ನಿಂತಿದ್ದರೆ ಮುಗಿಯುತ್ತಿದ್ದ ತೊಂದರೆಗೆ ಅರ್ಧ ಗಂಟೆ ಹೋಗುತ್ತದೆ. ಪೆಟ್ಟಾದರೆ ಸೀಟಿ ಊದಿ. ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಯಾರಾದರೂ ಹಾಗೆ ಊದುವುದು ಕೇಳಿಸಿದರೆ ನಿಮ್ಮ ಓಟ ಅಲ್ಲಿಗೆ ನಿಂತಿತು. ಮೊದಲು ಅವರ ಹತ್ತಿರ ಹೋಗಿ.

ಸೀಟಿ, ನೀರು, ಕಾಲು ಪೂರ್ತಿ ಮುಚ್ಚುವ ಪ್ಯಾಂಟು, ಇಷ್ಟು ಸಾಕು. ಮುಗಿಸಿ ಬಂದ ಮೇಲೆ ಮೈಮೇಲೆ ಉಣುಗು ಅಂಟಿದೆಯಾ ಅಂತ ಮೊಣಕಾಲಿನ ಹಿಂಭಾಗ, ಸೊಂಟದ ಸುತ್ತ ಸರಿಯಾಗಿ ನೋಡಿಕೊಳ್ಳಿ.

ಸ್ವಯಂಸೇವಕರು: ಬಾವುಟ ಕಟ್ಟುವುದು ಸಣ್ಣ ಕೆಲಸವಲ್ಲ

ಕೋರ್ಸ್ ಯೋಜಿಸುವವರು ಕೆಲವು ದಿನ ಮೊದಲೇ ಕಾಡು ಸುತ್ತಿ, ಬಾವುಟ ಬರಬೇಕಾದ ಕಡೆಯಲ್ಲೆಲ್ಲ ಸಂಖ್ಯೆ ಬರೆದ ಸಣ್ಣ ಟೇಪು ಕಟ್ಟಿರುತ್ತಾರೆ. ಆ ಜಾಗ ಸರಿ ಇದೆಯಾ ಅಂತ ಇನ್ನೊಬ್ಬರು ಬೇರೆಯಾಗಿ ಹೋಗಿ ನೋಡಬೇಕು. ಜೊತೆಯಲ್ಲೇ ಹೋದರೆ ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ. ಸ್ಪರ್ಧೆಯ ದಿನ ಬೆಳಗ್ಗೆ ಟೇಪು ಹುಡುಕಿ ಬಾವುಟ ತೂಗುಹಾಕುವ ಕೆಲಸ ಸ್ವಯಂಸೇವಕರದ್ದು. ಒಂದೊಂದು ಮಗ್ಗುಲೂ 30 ಸೆಂಟಿಮೀಟರ್ ಚೌಕದ, ಕಿತ್ತಳೆ-ಬಿಳಿ ಬಣ್ಣದ ಮೂರು ಮುಖದ ಬಾವುಟ ಅದು.

ಶುರುವಿನ ದಿನಗಳಲ್ಲಿ ನಾನೊಂದು ತಪ್ಪು ಮಾಡಿದ್ದೆ. ಇಳಿಜಾರಿನಲ್ಲಿ ಪಕ್ಕಪಕ್ಕದಲ್ಲೇ ಮೂರು ಕೊರಕಲುಗಳಿದ್ದವು. ನನಗೆ ಕೊಟ್ಟಿದ್ದು ಮೂರನೆಯದು.  ಎಣಿಕೆ ತಪ್ಪಿ ಎರಡನೆಯದನ್ನೇ ಮೂರನೆಯದು ಅಂದುಕೊಂಡೆ. ಟೇಪು ಕಾಣಲಿಲ್ಲ. ಗಾಳಿಗೆ ಹಾರಿರಬೇಕು ಅಂತ ಸಮಾಧಾನ ಹೇಳಿಕೊಂಡು ಅಲ್ಲೇ ಬಾವುಟ ಕಟ್ಟಿ ಬಂದೆ. ಮೊದಲು ಓಡಿದ ಹುಡುಗಿ ಮ್ಯಾಪನ್ನು ಸರಿಯಾಗಿಯೇ ಓದಿ ಮೂರನೇ ಕೊರಕಲಿಗೆ ಹೋಗಿದ್ದಾಳೆ. ಅಲ್ಲಿ ನಮ್ಮ ಟೇಪು ಇತ್ತು, ಬಾವುಟ ಇರಲಿಲ್ಲ. ತನ್ನದೇ ತಪ್ಪು ಅಂದುಕೊಂಡು ತುಂಬಾ ಹೊತ್ತು ಅದೇ ಇಳಿಜಾರು ಹತ್ತಿಳಿದಿದ್ದಾಳೆ. ವಾಪಸ್ ಬಂದಾಗ ಅವಳ ಕಣ್ಣು ತುಂಬಿತ್ತು. ಸರಿಯಾಗಿ ಓದಿದವಳಿಗೇ ಶಿಕ್ಷೆ ಆಯಿತಲ್ವಾ, ಆ ಸಂಕಟ ಇನ್ನೂ ಹೋಗಿಲ್ಲ.

ಅಂದಿನಿಂದ ಪಾಲಿಸುವ ಕ್ರಮ ಇದು. ಟೇಪು ಸಿಗದಿದ್ದರೆ ಬಾವುಟ ಕಟ್ಟುವುದಿಲ್ಲ, ಕೋರ್ಸ್ ಯೋಜಿಸಿದವರಿಗೆ ಫೋನ್ ಮಾಡುತ್ತೇನೆ. ಟೇಪು ಸಿಕ್ಕರೆ ಅದರ ಸಂಖ್ಯೆ, ಬಾವುಟದ ಸಂಖ್ಯೆ, ಪಂಚ್ ಪೆಟ್ಟಿಗೆಯ ಸಂಖ್ಯೆ ಮೂರನ್ನೂ ಗಟ್ಟಿಯಾಗಿ ಓದಿ ಹೋಲಿಸುತ್ತೇನೆ. ಬಾವುಟವನ್ನು ಬಚ್ಚಿಡುವುದೂ ತಪ್ಪು. ಹೇಳಿದ ಬಂಡೆಯ ಹತ್ತಿರ ಬಂದವರಿಗೆ ಅದು ಕಾಣಬೇಕು. ಹುಡುಕಬೇಕಾದದ್ದು ಬಂಡೆಯನ್ನು.

ಇಷ್ಟೆಲ್ಲ ಮಾಡಿದವರು ತಾವೂ ಓಡಬೇಕು ಅಂದರೆ? ಹೊರಡುವ ಜಾಗದಲ್ಲಿ, ನೋಂದಣಿಯಲ್ಲಿ ನಿಂತವರು ಪಾಳಿ ಹಂಚಿಕೊಂಡು ಓಡಬಹುದು. ಬಾವುಟ ಕಟ್ಟಿದವರಿಗೆ ಜಾಗ ಗೊತ್ತಿರುತ್ತದೆ, ಹಾಗಾಗಿ ಅವರು ಸುಮ್ನೆ ಖುಷಿಗೆ ಓಡಬೇಕು, ಫಲಿತಾಂಶದಲ್ಲಿ ಹೆಸರು ಬೇಡ.

ಎಣಿಕೆ

ಹೊರಡುವಾಗ ಒಬ್ಬೊಬ್ಬರ ಹೆಸರಿಗೂ ಗುರುತು ಹಾಕಿ, ಬಂದಾಗ ಇನ್ನೊಂದು ಗುರುತು. ಪಂಚ್ ದಾಖಲಿಸುವ ಎಲೆಕ್ಟ್ರಾನಿಕ್ ಚಿಪ್ ಇದ್ದರೂ ಕಾಗದದ ಪಟ್ಟಿ ಇರಲಿ. ಬ್ಯಾಟರಿ ಕೈಕೊಟ್ಟರೆ ಕಾಪಾಡುವುದು ಅದೇ. ಕೋರ್ಸ್ ಮುಚ್ಚುವ ಸಮಯವನ್ನು ಹೊರಡುವ ಜಾಗದಲ್ಲಿ ದೊಡ್ಡದಾಗಿ ಬರೆದು ಹಾಕಿ.

ಓಡುವವರಲ್ಲಿ ಕೈಮುಗಿದು ಕೇಳುವುದು ಒಂದೇ. ಅರ್ಧಕ್ಕೆ ಬಿಟ್ಟರೂ ಪರವಾಗಿಲ್ಲ, ಒಂದೂ ಬಾವುಟ ಸಿಗದಿದ್ದರೂ ಪರವಾಗಿಲ್ಲ, ಮುಗಿಯುವ ಜಾಗಕ್ಕೆ ಬಂದು ಹೆಸರು ಹೇಳಿಯೇ ಹೋಗಿ. ಬೇಸರದಲ್ಲಿ ನೀವು ನೇರವಾಗಿ ಮನೆಗೆ ಹೋಗಿ ಮಲಗಿದ್ದರೆ, ಇಲ್ಲಿ ನಾಲ್ಕು ಜನ ನಿಮ್ಮ ಹೆಸರು ಕೂಗುತ್ತಾ ಕಾಡು ಸುತ್ತುತ್ತಿರುತ್ತಾರೆ. ಇದಕ್ಕಾಗಿಯೇ ಕೆಲವು ಕ್ಲಬ್‌ಗಳು ಕಾರಿನ ಕೀಯನ್ನು ನೋಂದಣಿ ಮೇಜಿನಲ್ಲೇ ಇಟ್ಟುಕೊಳ್ಳುತ್ತವೆ. ಕೀ ತೆಗೆದುಕೊಳ್ಳಲು ಬಂದೇ ಬರಬೇಕಲ್ಲ.

ಪಟ್ಟಿಯಲ್ಲಿ ಒಂದು ಹೆಸರು ಉಳಿದರೂ ಮೇಜು ಮಡಚಬೇಡಿ. ಅವರಿಗೆ ಫೋನ್ ಮಾಡಿ, ಜೊತೆಗೆ ಬಂದವರನ್ನು ಕೇಳಿ, ಕೊನೆಗೆ ಯಾವ ಕಂಟ್ರೋಲ್ ಹತ್ತಿರ ಯಾರು ನೋಡಿದರು ಅಂತ ವಿಚಾರಿಸಿ. ಆಮೇಲೆ ಜೋಡಿ ಜೋಡಿಯಾಗಿ ಹುಡುಕಲು ಕಳಿಸಿ, ಒಬ್ಬೊಬ್ಬರನ್ನೇ ಕಳಿಸಬೇಡಿ. ಹುಡುಕಲು ಹೋದವರ ಹೆಸರೂ ಪಟ್ಟಿಗೆ ಸೇರಲಿ.

ಎಲ್ಲರೂ ಬಂದ ಮೇಲೆಯೇ ಬಾವುಟ ಬಿಚ್ಚಲು ಹೊರಡಿ. ಬಾವುಟದ ಜೊತೆ ಟೇಪೂ ಬಿಚ್ಚಿ ತನ್ನಿ, ಕಾಡಿನಲ್ಲಿ ನಮ್ಮ ಗುರುತು ಉಳಿಯಬಾರದು. ಬಾವುಟಗಳನ್ನು ನೆಲದ ಮೇಲೆ ಸಂಖ್ಯೆಯ ಕ್ರಮದಲ್ಲಿ ಹರಡಿ ಎಣಿಸಿ. 31, 32, 33... ಬಿಚ್ಚಲು ಹೋದವರ ಹೆಸರಿನ ಮುಂದೆಯೂ ಗುರುತು ಬಿದ್ದ ಮೇಲೆ ಪಟ್ಟಿ ಮಡಚಿ ಒಳಗಿಡಿ.