ಶಿಮ್ಲಾದಲ್ಲಿ ಅಪ್ಪ ಅಮ್ಮನಿಗೆ ರೂಮು ಹುಡುಕಿದ ಕಥೆ

ನೂರಾ ನಲವತ್ತೆರಡು ಮೆಟ್ಟಿಲು. 2016ರ ಮೇ ತಿಂಗಳಲ್ಲಿ ಶಿಮ್ಲಾಕ್ಕೆ ಹೋದಾಗ ನಮ್ಮ ಲಾಡ್ಜಿನಿಂದ ಊರಿನ ಮುಖ್ಯ ಪೇಟೆ ಬೀದಿಯಾದ ಮಾಲ್ ರೋಡಿಗೆ ಇದ್ದದ್ದು ಇಷ್ಟು. ಎಣಿಸಿದವರು ಅಪ್ಪ. ಅಮ್ಮ ಎಣಿಸುವ ಸ್ಥಿತಿಯಲ್ಲಿರಲಿಲ್ಲ. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಕಬ್ಬಿಣದ ಕಂಬಿ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದರು. ಹರಕೆ ಹೊತ್ತು ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿದವರು ಅವರು. ಆದರೆ ಅದು ಮಂಡಿ ಸವೆಯುವುದಕ್ಕೆ ಮುಂಚಿನ ಮಾತು.

ಬುಕ್ ಮಾಡುವಾಗ ನಾನು ನೋಡಿದ್ದು ಒಂದೇ ಸಾಲು: ‘ಮಾಲ್ ರೋಡಿನಿಂದ 200 ಮೀಟರ್’. ಫೋನ್ ಮಾಡಿ ಕೇಳಿದ್ದಕ್ಕೆ ಆ ಕಡೆಯವರು ‘ಬಸ್, ಪಾಂಚ್ ಮಿನಿಟ್’ (ಬರೀ ಐದು ನಿಮಿಷ) ಅಂದರು. ಮೈಸೂರಿನಲ್ಲಿ ಇನ್ನೂರು ಮೀಟರ್ ಅಂದರೆ ಎದುರು ಬೀದಿಯ ಹಾಲಿನ ಬೂತು. ಶಿಮ್ಲಾದಲ್ಲಿ ಅದು ತಲೆಯ ಮೇಲೆ ಇರಬಹುದು, ಕಾಲ ಕೆಳಗೆ ಇರಬಹುದು. ಮೂರು ದಿನದಲ್ಲಿ ಅಮ್ಮ ಮಾಲ್ ರೋಡ್ ನೋಡಿದ್ದು ಎರಡೇ ಸಲ. ಉಳಿದ ಹೊತ್ತು ರೂಮಿನ ಮಂಚದ ಮೇಲೆ ಕೂತು, ಎದುರಿನ ಕಟ್ಟಡದ ತಗಡಿನ ಮಾಡು ನೋಡುತ್ತಿದ್ದರು. ‘ನೀವು ಹೋಗಿ ಬನ್ನಿ, ನಂಗೇನೂ ಬೇಜಾರಿಲ್ಲ’ ಅನ್ನುತ್ತಿದ್ದರು. ಆ ಮಾತು ನನ್ನನ್ನು ವರ್ಷಗಟ್ಟಲೆ ಕೊರೆಯಿತು.

ಅದಕ್ಕೇ 2022ರ ನವೆಂಬರಿನಲ್ಲಿ ಅವರಿಬ್ಬರನ್ನೂ ಮತ್ತೆ ಕರೆದುಕೊಂಡು ಹೋಗುವ ಮುಂಚೆ ರೂಮು ಹುಡುಕುವುದಕ್ಕೇ ಎರಡು ವಾರ ಕೊಟ್ಟೆ. ಹೇಗೆ ಹುಡುಕಿದೆ ಅಂತ ಬರೆಯುತ್ತಿದ್ದೇನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಬೇಕಾಗುತ್ತದೆ.

ಮೊದಲು ಊರು ಹೇಗಿದೆ ಅಂತ ಅರ್ಥ ಮಾಡಿಕೊಳ್ಳಬೇಕು. ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿ, ಒಂದು ಬೆಟ್ಟದ ಏಣಿನ ಮೇಲೆ ಕೂತಿರುವ ಊರು. 1864ರಲ್ಲಿ ಬ್ರಿಟಿಷರು ಇದನ್ನು ಬೇಸಿಗೆ ರಾಜಧಾನಿ ಮಾಡಿಕೊಂಡರು. ಊರು ಬೆಳೆದದ್ದು ಅಗಲಕ್ಕಲ್ಲ, ಗೊಂಬೆ ಹಬ್ಬದ ಮೆಟ್ಟಿಲಿನ ಹಾಗೆ ಸಾಲು ಸಾಲಾಗಿ ಮೇಲೆ ಕೆಳಗೆ. ಎಲ್ಲಕ್ಕಿಂತ ಮೇಲೆ ರಿಡ್ಜ್ ಅನ್ನುವ ಬಯಲು, ಅಲ್ಲೇ ಹಳದಿ ಬಣ್ಣದ ಕ್ರೈಸ್ಟ್ ಚರ್ಚ್. ರಿಡ್ಜಿನ ಒಂದು ಬದಿ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತದೆ, ಇನ್ನೊಂದು ಬದಿಯದು ಯಮುನೆ ಸೇರಿ ಬಂಗಾಳ ಕೊಲ್ಲಿಗೆ. ಅಷ್ಟು ಚೂಪಾದ ಏಣು ಅದು. ಅದರ ಕೆಳಗೆ ಮಾಲ್ ರೋಡ್, ಮಾಲ್ ಕೆಳಗೆ ಲೋಯರ್ ಬಜಾರ್, ಇನ್ನೂ ಕೆಳಗೆ ವಾಹನ ಓಡಾಡುವ ಕಾರ್ಟ್ ರೋಡ್. ಮಾಲ್ ಮತ್ತು ರಿಡ್ಜಿಗೆ ಟ್ಯಾಕ್ಸಿ ಬರುವುದಿಲ್ಲ. ಅಂದರೆ ಟ್ಯಾಕ್ಸಿ ಇಳಿದ ಮೇಲೆ ನಿಮ್ಮ ಕಾಲೇ ಗತಿ.

ಹೀಗಾಗಿ ದೂರ ಕೇಳುವುದನ್ನೇ ಬಿಟ್ಟೆ. ಫೋನಿನಲ್ಲಿ ಕೇಳಿದ್ದು ಇಷ್ಟು: ಟ್ಯಾಕ್ಸಿ ಯಾವ ರೋಡಿನಲ್ಲಿ ನಿಲ್ಲುತ್ತದೆ? ಅಲ್ಲಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಹತ್ತಬೇಕೋ ಇಳಿಯಬೇಕೋ? ಕೊನೆಯದು ತುಂಬಾ ಮುಖ್ಯ. ಬರುವಾಗ ಇಳಿದು ಬಂದರೆ ಖುಷಿಯಾಗಿರುತ್ತದೆ, ಆದರೆ ಪ್ರತಿ ಸಲ ಹೊರಗೆ ಹೊರಟಾಗ ಹತ್ತುವುದರಿಂದಲೇ ದಿನ ಶುರು. ಮಂಡಿ ನೋವಿನವರಿಗೆ ಇಳಿಯುವುದೂ ಸುಲಭವಲ್ಲ. ಅಮ್ಮನಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ನೋವು ಜಾಸ್ತಿ.

ಎಂಟೊಂಬತ್ತು ಕಡೆ ಫೋನ್ ಮಾಡಿದೆ. ಕೆಲವರು ‘ಸ್ವಲ್ಪ ಮೆಟ್ಟಿಲಿದೆ’ ಅಂದರು. ಸ್ವಲ್ಪ ಅಂದರೆ ಎಷ್ಟು ಅಂದರೆ ಉತ್ತರವಿಲ್ಲ. ಅಂಥವರನ್ನು ಅಲ್ಲೇ ಬಿಟ್ಟೆ. ಬೆಟ್ಟದಲ್ಲಿ ಹುಟ್ಟಿ ಬೆಳೆದವರಿಗೆ ಅರವತ್ತು ಮೆಟ್ಟಿಲು ಮೆಟ್ಟಿಲೇ ಅಲ್ಲ, ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ನಮಗೆ ಬೇಕಾದದ್ದು ಸಂಖ್ಯೆ, ಅಷ್ಟೆ.

ಇನ್ನೊಂದು ವಿಷಯ ಬಯಲುಸೀಮೆಯ ನಮಗೆ ತಟ್ಟನೆ ಹೊಳೆಯುವುದಿಲ್ಲ. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡಕ್ಕೆ ಬಾಗಿಲು ಮೇಲಿನ ಮಹಡಿಯಲ್ಲಿರಬಹುದು. ರಸ್ತೆಯಿಂದ ಸೀದಾ ಒಳಗೆ ಹೋಗುತ್ತೀರಿ, ರಿಸೆಪ್ಷನ್ ಸಿಗುತ್ತದೆ. ಆಮೇಲೆ ರೂಮು ಅಂತ ಮೂರು ಮಹಡಿ ಕೆಳಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಮೊದಲ ಲಾಡ್ಜ್ ಹಾಗೇ ಇತ್ತು. ಮಾಲ್‌ವರೆಗಿನ 142 ಮೆಟ್ಟಿಲಿನಲ್ಲಿ ಇದು ಸೇರಿಲ್ಲ, ಇದು ಬೇರೆ! ಕೆಳಗಿನ ಆ ರೂಮುಗಳ ಹಿಂದಿನ ಗೋಡೆ ಬೆಟ್ಟದ ಮಣ್ಣಿಗೇ ಒರಗಿರುತ್ತದೆ. ನಮ್ಮ ರೂಮಿನಲ್ಲಿ ಮಂಚದ ತಲೆಯ ಹತ್ತಿರ ಬಣ್ಣ ಉಬ್ಬಿ, ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಒದ್ದೆ ಬಟ್ಟೆಯ ವಾಸನೆ. ಅಪ್ಪನಿಗೆ ಎರಡನೇ ರಾತ್ರಿಯೇ ಕೆಮ್ಮು ಹಿಡಿಯಿತು. ಹಾಗಾಗಿ ಈ ಸಲ ‘ರೂಮು ರಿಸೆಪ್ಷನ್ ಇರುವ ಮಹಡಿಯಲ್ಲೇ ಇದೆಯಾ?’ ಅಂತಲೂ ಕೇಳಿದೆ.

ಇನ್ನು ಬಿಸಿಲು. ನವೆಂಬರಿನಲ್ಲಿ ಶಿಮ್ಲಾದ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಜನವೂ ಕಡಿಮೆ. ಆದರೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಮುಳುಗಿದ ಕೂಡಲೇ ಚಳಿ ಮೈಗೆ ಹತ್ತುತ್ತದೆ. ಹಗಲು ರೂಮಿಗೆ ಬಿಸಿಲು ಬಿದ್ದಿದ್ದರೆ ರಾತ್ರಿಗೂ ಸ್ವಲ್ಪ ಬೆಚ್ಚಗಿರುತ್ತದೆ. ಬಿಸಿಲು ಬೇಕು ಅಂದರೆ ಏಣಿನ ದಕ್ಷಿಣದ ಬದಿ ಹಿಡಿಯಬೇಕು. ಉತ್ತರದ ಬದಿಯಲ್ಲಿ ಚಳಿಗಾಲ ಪೂರ್ತಿ ನೆರಳು. ಇದಕ್ಕೆ ಬೇರೆ ಸಾಕ್ಷಿ ಬೇಡ. ಲಕ್ಕರ್ ಬಜಾರಿನ ಹತ್ತಿರ, ಉತ್ತರದ ಇಳಿಜಾರಿನಲ್ಲಿ, 1920ರಿಂದ ಒಂದು ಐಸ್ ಸ್ಕೇಟಿಂಗ್ ಅಂಗಳವಿದೆ. ಚಳಿಗಾಲದಲ್ಲಿ ಅಲ್ಲಿ ನೀರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ. ಬಿಸಿಲು ಅಷ್ಟು ಕಡಿಮೆ ಬೀಳುವ ಜಾಗ ಅದು. ಆ ಕಡೆಯ ಹೋಟೆಲುಗಳಿಂದ ಹಿಮದ ಬೆಟ್ಟಗಳು ಚೆನ್ನಾಗಿ ಕಾಣುತ್ತವೆ, ಫೋಟೋದಲ್ಲಿ ಮನಸ್ಸು ಸೋಲುತ್ತದೆ. ಹುಡುಗರಾದರೆ ಅಲ್ಲೇ ಇರಿ. ನಾನು ಅಪ್ಪ ಅಮ್ಮನಿಗಾಗಿ ನೋಟ ಬಿಟ್ಟು ಬಿಸಿಲು ತೆಗೆದುಕೊಂಡೆ.

ಕೊನೆಗೆ ಒಪ್ಪಿಗೆಯಾದದ್ದು ಮಾಲ್ ರೋಡಿನಲ್ಲೇ, ಲಿಫ್ಟಿನಿಂದ ಛೋಟಾ ಶಿಮ್ಲಾ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಹಳೇ ಮನೆ. ಲಿಫ್ಟ್ ಅಂದರೆ ಹೋಟೆಲಿನದಲ್ಲ. ಕಾರ್ಟ್ ರೋಡಿನಿಂದ ಮಾಲ್‌ಗೆ ಜನರನ್ನು ಎತ್ತುವುದಕ್ಕೆ ಪ್ರವಾಸೋದ್ಯಮ ನಿಗಮ ನಡೆಸುವ ಲಿಫ್ಟ್. ಟಿಕೆಟ್ ತೆಗೆದುಕೊಂಡು ಒಂದು ಲಿಫ್ಟಿನಲ್ಲಿ ಹತ್ತಿ, ಓಣಿಯಂಥ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತಿದರೆ ಮಾಲ್. ವಯಸ್ಸಾದವರಿಗೆ ಶಿಮ್ಲಾದಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ರಾತ್ರಿ ಮುಚ್ಚುತ್ತಾರೆ, ರಜೆಯ ದಿನಗಳಲ್ಲಿ ಸಾಲು ಉದ್ದವಿರುತ್ತದೆ. ಆ ಲೆಕ್ಕದಲ್ಲೇ ನಮ್ಮ ಓಡಾಟ ಇಟ್ಟುಕೊಂಡೆ.

ಆ ಮನೆಯ ಯಜಮಾನಿ ಅರವತ್ತು ದಾಟಿದವರು. ನನ್ನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಮಾರನೇ ದಿನ ಒಂದು ವಿಡಿಯೋ ಕಳಿಸಿದರು. ಲಿಫ್ಟಿನ ಬಾಗಿಲಿನಿಂದ ಶುರು ಮಾಡಿ ಫೋನ್ ಹಿಡಿದು ನಡೆಯುತ್ತಾ ಮನೆಯವರೆಗೂ ತೆಗೆದಿದ್ದರು. ಚಪ್ಪಲಿಯ ಸದ್ದು, ಮಧ್ಯೆ ಯಾರಿಗೋ ನಮಸ್ತೆ ಹೇಳಿದ್ದು, ಎಲ್ಲ ಇತ್ತು. ದಾರಿ ಬಹುಪಾಲು ಸಮ. ಗೇಟಿನ ಹತ್ತಿರ ಬಂದಾಗ ಫೋನನ್ನು ಕೆಳಗೆ ಮಾಡಿ ‘ಏಕ್, ದೋ, ತೀನ್...’ ಅಂತ ಎಣಿಸಿದರು. ಏಳು ಮೆಟ್ಟಿಲು, ಒಂದು ಪಕ್ಕ ಕಂಬಿ. ಆಮೇಲೆ ಬೆಳಿಗ್ಗೆ ಹತ್ತು ಗಂಟೆಯ ರೂಮಿನ ಫೋಟೋ ಕೇಳಿದೆ. ಅರ್ಧ ಮಂಚದ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮನಿಗೆ ತೋರಿಸಿದೆ. ಅವರು ಫೋಟೋ ದೊಡ್ಡದು ಮಾಡಿ ಮೊದಲು ನೋಡಿದ್ದು ಬಚ್ಚಲಮನೆಯ ಹೊಸಿಲು ಎಷ್ಟು ಎತ್ತರ ಅಂತ.

ನೀರಿನ ಬಗ್ಗೆಯೂ ಕೇಳಿದೆ. ಏಣಿನ ಮೇಲಿರುವ ಊರಿಗೆ ನೀರನ್ನು ಕೆಳಗಿನ ಗುಮ್ಮಾದಂಥ ಕಡೆಯಿಂದ ಪಂಪ್ ಮಾಡಿ ಎತ್ತಬೇಕು. 2018ರ ಬೇಸಿಗೆಯಲ್ಲಿ ಅಲ್ಲಿ ಎಂಥ ನೀರಿನ ಬರ ಬಂತು ಅನ್ನುವುದು ಪೇಪರ್ ಓದಿದವರಿಗೆಲ್ಲ ನೆನಪಿರುತ್ತದೆ. ಬೇಸಿಗೆಯಲ್ಲಿ ಹೋಗುವವರು ಟ್ಯಾಂಕ್ ಎಷ್ಟು ದೊಡ್ಡದು ಅಂತ ಕೇಳಿಯೇ ಹೋಗಿ. ಗೀಸರ್ ಪ್ರತಿ ರೂಮಿಗೂ ಇದೆಯೋ, ಹೀಟರಿಗೆ ಬೇರೆ ದುಡ್ಡೋ, ಇವು ಎರಡು ನಿಮಿಷದ ಮಾತು.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರ ಇಟ್ಟುಕೊಂಡೆ. ನಾಲ್ಕು ರಾತ್ರಿ ಇರುವುದಿದ್ದರೂ ಒಂದು ರಾತ್ರಿಗೆ ಮಾತ್ರ ಮುಂಗಡ ಕೊಟ್ಟೆ. ಅಮ್ಮ ಇಷ್ಟಪಟ್ಟರೆ ಉಳಿದದ್ದು ಅಂತ ನೇರವಾಗಿ ಹೇಳಿದೆ, ಅವರು ಒಪ್ಪಿದರು. ನವೆಂಬರಿನಲ್ಲಿ ಇದು ನಡೆಯುತ್ತದೆ. ಮೇ, ಜೂನ್, ಕ್ರಿಸ್‌ಮಸ್, ಹೊಸ ವರ್ಷದಲ್ಲಿ ಯಾರೂ ಒಪ್ಪಲಿಕ್ಕಿಲ್ಲ.

ಬೆಟ್ಟದ ಬುಡದಲ್ಲಿರುವ ಕಾಲ್ಕಾದಿಂದ ಬೆಳಗಿನ ಜಾವದ ಪುಟ್ಟ ರೈಲನ್ನೇ ಹಿಡಿದೆವು. 1903ರಲ್ಲಿ ಶುರುವಾದ ಸಾಲು, 96 ಕಿಲೋಮೀಟರು, ನೂರಕ್ಕೂ ಹೆಚ್ಚು ಸುರಂಗ. ಅಪ್ಪ ರೈಲಿಗಾಗಿಯೇ ಬಂದವರಂತೆ ಕಿಟಕಿ ಬಿಡಲಿಲ್ಲ. ಬೆಳಗಿನ ಗಾಡಿಯೇ ಬೇಕು ಅಂದದ್ದು ರೂಮಿಗಾಗಿ. ಮಧ್ಯಾಹ್ನದ ಗಾಡಿ ಹಿಡಿದರೆ ಶಿಮ್ಲಾ ಮುಟ್ಟುವ ಹೊತ್ತಿಗೆ ಕತ್ತಲು, ಗೊತ್ತಿಲ್ಲದ ಊರು, ಗೊತ್ತಿಲ್ಲದ ಮೆಟ್ಟಿಲು. ಬೆಳಕಿನಲ್ಲಿ ಇಳಿದರೆ ರೂಮು ಸರಿಯಿಲ್ಲದಿದ್ದರೂ ಬೇರೆ ಹುಡುಕಲು ಹೊತ್ತಿರುತ್ತದೆ. ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಕಾರ್ಟ್ ರೋಡ್ ಹಿಡಿದು ಲಿಫ್ಟಿಗೆ ಬಂದೆವು. ಅಲ್ಲಿ ಸಾಮಾನು ಹೊರಲು ಒಬ್ಬ ಕಾಶ್ಮೀರಿ ಕೂಲಿಯವರು ಸಿಕ್ಕರು. ಕೂಲಿ ಎಷ್ಟು ಅಂತ ಮೊದಲೇ ಮಾತಾಡಿಕೊಂಡೆವು. ಎರಡು ಸೂಟ್‌ಕೇಸ್, ಒಂದು ಚೀಲ ಒಟ್ಟಿಗೆ ಹಗ್ಗದಲ್ಲಿ ಬಿಗಿದು ಬೆನ್ನಿಗೇರಿಸಿಕೊಂಡರು. ಅಮ್ಮನ ನಡಿಗೆ ನೋಡಿ ತಾವೂ ನಿಧಾನ ಮಾಡಿದರು. ಒಂದು ಕಡೆ ಬೆಂಚು ತೋರಿಸಿ ‘ಬೈಠಿಯೇ ಮಾತಾಜಿ’ ಅಂದರು. ತಾವು ಮಾತ್ರ ಹೊರೆ ಇಳಿಸದೆ ಕಟ್ಟೆಗೆ ಒರಗಿ ನಿಂತರು.

ಮನೆ ಚೆನ್ನಾಗಿತ್ತು. ಮರದ ಚೌಕಟ್ಟಿನ ನಡುವೆ ಕಲ್ಲು ಮಣ್ಣು ತುಂಬಿ ಕಟ್ಟುವ ಧಜ್ಜಿ ಗೋಡೆ, ಮೇಲೆ ತಗಡಿನ ಮಾಡು. ಅಂಥ ಮನೆಗೆ ಅದರದೇ ಆದ ಕಷ್ಟವೂ ಇದೆ. ಹಲಗೆ ನೆಲ ಕಿರ್ರ್ ಅನ್ನುತ್ತದೆ, ಪಕ್ಕದ ರೂಮಿನವರು ರಾತ್ರಿ ಎದ್ದರೆ ನಮಗೂ ಎಚ್ಚರ. ಕಿಟಕಿಗೆ ಜಾಲರಿ ಇತ್ತು, ಅದು ಬೇಕೇ ಬೇಕು. ಶಿಮ್ಲಾದ ಕೋತಿಗಳು ತೆರೆದ ಕಿಟಕಿ ಕಂಡರೆ ಬಿಡುವುದಿಲ್ಲ. ಜಾಖೂ ಹನುಮಂತನ ಗುಡಿಗೆ ರೋಪ್‌ವೇಯಲ್ಲಿ ಹೋದಾಗ ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೇ ಇದ್ದರು.

ಮೊದಲ ದಿನ ಮಧ್ಯಾಹ್ನ ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಬಿಸಿಲಿಗೆ ಎರಡೂ ಮಂಡಿ ಚಾಚಿ ಕೂತರು. ಸಂಜೆ ಯಾರೂ ಕರೆಯದೆ ತಾವೇ ಶಾಲು ಹೊದ್ದು ‘ನಡಿ, ಚರ್ಚ್ ನೋಡಿ ಬರೋಣ’ ಅಂದರು. ಕೊನೆಯಲ್ಲಿ ರಿಡ್ಜಿಗೆ ಹತ್ತುವ ತುಂಡು ಏರಿನಲ್ಲಿ ಎರಡು ಸಲ ನಿಂತರು, ಅಷ್ಟೆ. ವಾಪಸ್ ಬರುವಾಗ ಇಂಡಿಯನ್ ಕಾಫಿ ಹೌಸಿನಲ್ಲಿ ದೋಸೆ ತಿಂದೆವು.

ಮಾರನೇ ದಿನ ನನಗೆ ಎಚ್ಚರವಾದಾಗ ಏಳು ಗಂಟೆ. ಅಪ್ಪನ ಮಂಚ ಖಾಲಿ. ಗಾಬರಿಯಿಂದ ಹೊರಗೆ ಬಂದು ನೋಡಿದರೆ, ಮಂಕಿ ಕ್ಯಾಪ್ ಹಾಕಿಕೊಂಡು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದು ಮಾಲ್ ರೋಡಿನಲ್ಲಿ ಒಬ್ಬರೇ ನಡೆದು ಬರುತ್ತಿದ್ದರು. ಗೇಟಿನ ಹತ್ತಿರ ಕಂಬಿ ಹಿಡಿದು ಏಳು ಮೆಟ್ಟಿಲು ಹತ್ತಿ ಬಂದು, ‘ನಿಮ್ಮಮ್ಮ ಎದ್ದಳಾ? ಕಾಫಿಗೆ ಇಡು’ ಅಂದರು.