ರಾತ್ರಿ ಪಾಳಿಯ ನಿರ್ಧಾರ ಯಾರದು?

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಬರುವ ಕಾಸ್ಟಿಂಗ್‌ಗಳಿಂದ, ಅಂದರೆ ಎರಕ ಹೊಯ್ದ ತುಂಡುಗಳಿಂದ, ಹೈಡ್ರಾಲಿಕ್ ವಾಲ್ವ್‌ಗಳ ಬಾಡಿ ಮಾಡಿಕೊಡುತ್ತೇವೆ. ಮೊದಲು ಪ್ರತಿಯೊಂದಕ್ಕೂ ನನ್ನ ಮೊಬೈಲೇ ಗತಿ. ನಡುರಾತ್ರಿ ಫೋನು: "ಸರ್ರ, ಇನ್ಸರ್ಟ್ ಸವದೈತಿ, ಹೊಸಾದು ಹಾಕ್ಲೇನ್ರಿ?" ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಟೂಲಿನ ತುದಿ, ಸವೆದರೆ ಬದಲಿಸಬೇಕು. ಮಷಿನ್ ಮುಂದೆ ನಿಂತವನಿಗೆ ಕಾಣುವುದು ಮನೆಯಲ್ಲಿ ಮಲಗಿದವನಿಗೆ ಕಾಣಲ್ಲ, ಅಲ್ವಾ?

ನೆದರ್‌ಲ್ಯಾಂಡ್ಸ್‌ನಲ್ಲಿ 2006ರಲ್ಲಿ ಶುರುವಾದ ಬ್ಯೂರ್ಟ್‌ಜೋರ್ಗ್ ಸಂಸ್ಥೆಯ ಬಗ್ಗೆ ಓದಿದ್ದೆ. ಮನೆಮನೆಗೆ ಹೋಗುವ ನರ್ಸ್‌ಗಳು 12 ಜನ ಮೀರದ ತಂಡ ಕಟ್ಟಿಕೊಂಡು ಪಾಳಿ, ನೇಮಕ ಎಲ್ಲ ತಾವೇ ನೋಡಿಕೊಳ್ಳುತ್ತಾರೆ. ಸಲಹೆಗಾರರು ಇದ್ದಾರೆ, ಆದರೆ ಅವರು ಹುಕುಂ ಮಾಡುವಂತಿಲ್ಲ. ನಮ್ಮಲ್ಲೂ ಇದನ್ನು ಮಾಡಿ ನೋಡೋಣ ಅನ್ನಿಸಿತು.

"ಇನ್ಮೇಲೆ ನೀವೇ ನೋಡ್ಕೊಳ್ರಿ" ಅಂತ ಸುಮ್ನೆ ಹೇಳಿದರೆ ಏನೂ ಆಗಲ್ಲ. ಯಾವುದು ಯಾರ ಕೈಲಿದೆ ಅಂತ ಬರೆಯಬೇಕು. ಟೂಲ್ ರೂಮಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಇನ್ಸರ್ಟ್ ಬದಲಿಸುವುದು ಆಪರೇಟರ್‌ಗೆ ಬಿಟ್ಟದ್ದು. ಫಸ್ಟ್ ಪೀಸ್, ಅಂದರೆ ಮೊದಲು ತಯಾರಾದ ತುಂಡನ್ನು ನೋಡಿ ಓಕೆ ಮಾಡುವವನು ಪಕ್ಕದ ಮಷಿನ್‌ನವನು. ತನ್ನದನ್ನು ತಾನೇ ಓಕೆ ಮಾಡುವಂತಿಲ್ಲ. ಬ್ಲೋ ಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆದ ತೂತು) ಕಂಡರೆ ಯಾರು ಬೇಕಾದರೂ ಲಾಟ್ ನಿಲ್ಲಿಸಬಹುದು, ಫೌಂಡ್ರಿಗೆ ಫೋನ್ ಮಾಡುವುದೂ ಅವರೇ. 5 ಸಾವಿರ ರೂಪಾಯಿ ಒಳಗಿನ ಖರೀದಿ ತಂಡದ್ದು. ಸಂಬಳ, ಸುರಕ್ಷತೆ ಮಾತ್ರ ನನ್ನ ಬಳಿ ಉಳಿಯಿತು. ಕೈ ಸಿಗದಂತೆ ಹಾಕಿದ ಗಾರ್ಡ್ ತೆಗೆದು ಮಷಿನ್ ಓಡಿಸೋಣ ಅಂತ ತಂಡವೆಲ್ಲ ಹೇಳಿದರೂ ನಡೆಯಲ್ಲ. ಯಾರದಾದರೂ ಕೈ ಹೋದರೆ ಕಾನೂನು ಹಿಡಿಯುವುದು ಮಾಲೀಕನನ್ನೇ.

ಚರ್ಚೆಗೂ ಒಂದು ರೀತಿ ಬೇಕಿತ್ತು. ಗೆರಾರ್ಡ್ ಎಂಡೆನ್‌ಬರ್ಗ್ ಎಂಬ ಡಚ್ ಎಂಜಿನಿಯರ್ 1970ರ ದಶಕದಲ್ಲಿ ತಮ್ಮ ಎಲೆಕ್ಟ್ರಿಕಲ್ ಕಂಪನಿಯಲ್ಲಿ ಬಳಸಿದ್ದು ನಮಗೆ ಸರಿಹೋಯಿತು. ಎಲ್ಲರಿಗೂ ಇಷ್ಟವೇ ಅಂತ ಕೇಳಲ್ಲ. ಇದರಿಂದ ಕೆಲಸಕ್ಕೆ ಪೆಟ್ಟು ಬೀಳುತ್ತಾ ಅಂತ ಕೇಳ್ತೀವಿ. ಕಾರಣ ಕೊಟ್ಟು ಯಾರೂ ತಡೆಯದಿದ್ದರೆ ಶುರು.

ಗಣಪತಿ ಹಬ್ಬದ ರಜೆಯೇ ನಿಜವಾದ ಪರೀಕ್ಷೆ. ವಿಸರ್ಜನೆ ಮೆರವಣಿಗೆ ಇಲ್ಲಿ ಮರುದಿನದವರೆಗೂ ನಡೆಯುತ್ತೆ, ಹುಡುಗರಿಗೆಲ್ಲ ಅಂದೇ ರಜೆ ಬೇಕು. ನಮ್ಮ ಹಿರಿಯ ಟರ್ನರ್, ಎಲ್ಲರೂ ಮಾಮಾ ಅಂತಾರೆ, ತಡೆದರು: "ಮರುದಿನಾನ ಡಿಸ್ಪ್ಯಾಚ್ ಐತಿ. ಗಾಡಿ ಖಾಲಿ ಕಳಸೂದೇನು?" ಆಮೇಲೆ ಅವರವರೇ ಲೆಕ್ಕ ಹಾಕಿದರು. ಮನೆ ಗಣಪತಿಯನ್ನು ಒಂದೂವರೆ ದಿನಕ್ಕೆ ಕಳಿಸುವವರು ಆಗಲೇ ರಜೆ ತಗೊಂಡು ಅನಂತ ಚತುರ್ದಶಿಗೆ ಕೆಲಸಕ್ಕೆ ಬರೋದು. ಓಣಿ ಮಂಡಳದ ಹುಡುಗರಿಗೆ ಕೊನೇ ದಿನ ರಜೆ. ಯಾರ ಮನೆ ಗಣಪತಿ ಯಾವತ್ತು ಹೋಗುತ್ತೆ ಅನ್ನೋದು ನನ್ನ ರಜಿಸ್ಟರ್‌ನಲ್ಲಿ ಎಲ್ಲಿರುತ್ತೆ?

ಸೂಪರ್‌ವೈಸರ್‌ಗೆ ಮಾತ್ರ ಇದು ಕಷ್ಟವಾಯಿತು. ಸಂಬಳ ಕಡಿಮೆ ಮಾಡಲಿಲ್ಲ, ಹೊಸಬರಿಗೆ ಸೆಟ್ಟಿಂಗ್ ಕಲಿಸುವ ಕೆಲಸ ಕೊಟ್ಟೆ. ಆದರೂ "ನನ್ನ ಮಾತಿಗೆ ಕಿಮ್ಮತ್ತ ಇಲ್ಲ" ಅನ್ನುತ್ತಾರೆ. ಅವರ ಬೇಸರ ಸುಳ್ಳಲ್ಲ.

ಈಗ ತಂಡ ಜಾಬ್ ರೇಟ್, ಅಂದರೆ ಒಂದೊಂದು ಕೆಲಸಕ್ಕೆ ಗಿರಾಕಿ ಕೊಡುವ ದರ ತೋರಿಸಿ ಅಂತ ಕೇಳುತ್ತಿದೆ. ರಿಜೆಕ್ಷನ್ ಹೊಣೆ ನಮ್ಮದಾದರೆ ಒಂದು ಪೀಸ್ ಕೆಟ್ಟರೆ ಎಷ್ಟು ಹೋಗುತ್ತೆ ಗೊತ್ತಿರಬೇಕಲ್ಲ ಅನ್ನೋದು ಅವರ ವಾದ. ಮುಂದಿನ ಕೊಟೇಶನ್ ಹಾಕುವಾಗ ಅವರಲ್ಲಿ ಇಬ್ಬರು ಜೊತೆಗೆ ಕೂರುತ್ತಾರೆ.