ಎಷ್ಟನೇ ಪುಟ? ಗದಗ–ಹುಬ್ಬಳ್ಳಿ ರೈಲಿನಲ್ಲಿ ಪುಸ್ತಕ ಓಡಿಸಿದ ನನ್ನ ಅನುಭವ

ಧಾರವಾಡದಲ್ಲಿ ಓದುಗರ ಬಳಗ ನಡೆಸುವ ಪರಿಚಯದವರೊಬ್ಬರು, ರೈಲಿನ ಜೊತೆಗಾರರ ನಡುವೆ ಪುಸ್ತಕ ಸುತ್ತಿಸುವ ನನ್ನ ಪದ್ಧತಿ ಕೇಳಿ ಎರಡು ವರ್ಷದ ಹಿಂದೆ ನಕ್ಕಿದ್ದರು. "ಎಷ್ಟನೇ ಪುಟದಾಗ ಅದೀರಿ ಅಂತ ಕೇಳೂದು ಯಾವ ಸಾಹಿತ್ಯ ಚರ್ಚೆರೀ? ಅದು ಹಾಜರಿ ತೊಗೊಂಡಂಗಾತು" ಅಂದರು. ಹೋದ ತಿಂಗಳು ಅವರೇ ಫೋನ್ ಮಾಡಿ, "ಆ ಚೀಟಿ ಪುಸ್ತಕಕ್ಕ ಎಲ್ಲೆ ಅಂಟಸ್ತೀರಿ, ಸ್ವಲ್ಪ ಹೇಳ್ರಿ" ಅಂತ ಕೇಳಿದರು. ಹೇಳಿದೆ. ಹಾಗೇ ಬರೆದೂ ಬಿಡೋಣ ಅನ್ನಿಸಿತು. ಸಣ್ಣ ಬಳಗ ನಡೆಸುವವರಿಗೆ ರಿಜಿಸ್ಟರ್ ಹೇಗಿಡಬೇಕು, ಹರಿದ ಪುಸ್ತಕಕ್ಕೆ ರಟ್ಟು ಹೇಗೆ ಕಟ್ಟಬೇಕು ಅಂತ ನಾನು ಕಲಿಸಬೇಕಿಲ್ಲ. ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು, ಯಾವುದು ಕೈಹಿಡಿಯಿತು, ಅಷ್ಟನ್ನು ಹೇಳುತ್ತೇನೆ. ಲೆಕ್ಕವೆಲ್ಲ ನೆನಪಿನ ಮೇಲೆ. ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು.

ನಮ್ಮ ಮನೆ ಬೆಟಗೇರಿಯಲ್ಲಿ. ಕೆಲಸ ಹುಬ್ಬಳ್ಳಿಯಲ್ಲಿ, ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವುದು. 11 ವರ್ಷದಿಂದ ಪಾಸು ತೆಗೆಸಿ ಓಡಾಡುತ್ತಿದ್ದೇನೆ. ದೂರ 60 ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಪ್ಯಾಸೆಂಜರ್ ಗಾಡಿ ತಡವಾದರೆ ದೇವರೇ ಗತಿ. ನಮ್ಮ ಗುಂಪಿನಲ್ಲಿ ಒಬ್ಬರು ನರ್ಸ್, ಇಬ್ಬರು ಟೀಚರ್, ಒಬ್ಬರು ಟೈಪಿಸ್ಟ್, ಸೀರೆ ಅಂಗಡಿಗೆ ಹೋಗುವ ಒಬ್ಬ ಹುಡುಗಿ, ಹೀಗೆ ಹನ್ನೊಂದು ಜನ. ಬೆಳಿಗ್ಗೆ ಮಾತು, ಸಂಜೆ ಮೆಂತ್ಯೆ ಪಲ್ಲೆ ಸೋಸುವುದು. ಈ ಜನರ ಕೈಗೆ ಪುಸ್ತಕ ಕೊಡಬೇಕು ಅಂತ ನನಗೆ ಹುಚ್ಚು ಹತ್ತಿದ್ದು 2019ರ ಜನವರಿಯಲ್ಲಿ, ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ.

ಆ ಸಮ್ಮೇಳನದ ಮಳಿಗೆಗಳಲ್ಲಿ 40ಕ್ಕೂ ಜಾಸ್ತಿ ಪುಸ್ತಕ ಕೊಂಡೆ. ಸುಮಾರು 3,900 ರೂಪಾಯಿ ಆಯಿತು. ಮನೆಯಲ್ಲಿ 2,000 ಅಂತ ಹೇಳಿದ್ದೆ. ನಮ್ಮವರು ಇಂಥ ಬರಹ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಇಲ್ಲಿ ಖರೇ ಲೆಕ್ಕ ಕೊಟ್ಟಿದ್ದೇನೆ. ಬಂದವಳೇ 'ಓದಲೇಬೇಕಾದ 50 ಪುಸ್ತಕಗಳು' ಅಂತ ಪಟ್ಟಿ ಮಾಡಿ, ಟೈಪ್ ಮಾಡಿಸಿ, 30 ಝೆರಾಕ್ಸ್ ತೆಗೆಸಿ ಹಂಚಿದೆ. ಎಲ್ಲರೂ ಭಕ್ತಿಯಿಂದ ಮಡಚಿ ಬ್ಯಾಗಿನಲ್ಲಿಟ್ಟುಕೊಂಡರು. ಮುಂದಿನ ವಾರ ಅಣ್ಣಿಗೇರಿ ಹತ್ತಿರ ನೋಡುತ್ತೇನೆ, ಅದೇ ಹಾಳೆಯ ಮೇಲೆ ಶೇಂಗಾ ಸಿಪ್ಪೆ. ಟೀಚರ್ ಒಬ್ಬರು ಮುಖದ ಮೇಲೇ ಹೇಳಿದರು: "ಅಕ್ಕಾರ, ಇದನ್ನೆಲ್ಲಾ ಓದಾಕ ನಮಗೇನ್ ಪೆನ್ಶನ್ ಶುರು ಆಗೇತೇನ್ರಿ?" ತಪ್ಪು ನನ್ನದೇ. 'ಓದಲೇಬೇಕು' ಅಂದ ಕೂಡಲೇ ಅದು ಪರೀಕ್ಷೆಯ ಪಠ್ಯ ಆಗಿಬಿಡುತ್ತದೆ.

ಆಮೇಲೆ ಡಿಪಾಜಿಟ್ ಇಟ್ಟೆ. 50 ರೂಪಾಯಿ ಕೊಟ್ಟು ಪುಸ್ತಕ ಒಯ್ಯಿರಿ, ತಂದಾಗ ವಾಪಸ್ ತೊಗೊಳ್ಳಿ. ಇದು ಇನ್ನೂ ದುಬಾರಿ ಬಿತ್ತು. ಡಿಪಾಜಿಟ್ ಇಲ್ಲದಾಗ ಪುಸ್ತಕ ತಡವಾಗಿ ಬಂದರೂ ಅವರಿಗೆ ನಾಚಿಕೆ ಇರುತ್ತಿತ್ತು. 50 ಕೊಟ್ಟ ಮೇಲೆ ನಾಚಿಕೆಯೂ ತೀರಿತು. 220 ರೂಪಾಯಿಯ ಪುಸ್ತಕ 50ಕ್ಕೆ ಸಿಕ್ಕ ಹಾಗೆ ಇಟ್ಟುಕೊಂಡರು. ನೂರಕ್ಕೆ ಏರಿಸಿದೆ, ಯಾರೂ ಒಯ್ಯಲೇ ಇಲ್ಲ. ಅಷ್ಟರಲ್ಲಿ 2020ರ ಮಾರ್ಚಿನಲ್ಲಿ ಗಾಡಿಗಳೇ ನಿಂತವು. ನನ್ನ ಒಂಬತ್ತು ಪುಸ್ತಕ ಒಂಬತ್ತು ಮನೆಯಲ್ಲಿ ಸಿಕ್ಕಿಬಿದ್ದವು. ಅದರಲ್ಲಿ ಆರು ಇವತ್ತಿಗೂ ಬಂದಿಲ್ಲ. ಒಟ್ಟು ಆ ಎರಡು ಸುತ್ತಿನಲ್ಲಿ 14 ಪುಸ್ತಕ ಹೋದವು, ಅಂದಾಜು 1,800 ರೂಪಾಯಿ.

ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾನೂ ವಾಟ್ಸಾಪ್ ಗುಂಪು ಮಾಡಿದೆ. 60 ಜನ ಸೇರಿದರು. ನಾನು ಪುಸ್ತಕದ ಫೋಟೋ ಹಾಕುವುದು, ಅವರು ಗುಲಾಬಿ ಹೂ, ಶುಭೋದಯ ಹಾಕುವುದು. ಯಾರೋ ಒಬ್ಬರು ಒಂದು ಇಡೀ ಕಾದಂಬರಿಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರು. ಬರೆದವರ ಹೊಟ್ಟೆ ಮೇಲೆ ಹೊಡೆಯಬೇಡಿ ಅಂತ ಅಳಿಸಿದೆ, ಜಗಳವಾಯಿತು. ಆ ಗುಂಪಿನ ವಿಚಾರ ಇಷ್ಟೇ ಸಾಕು.

ದಾರಿ ಸಿಕ್ಕಿದ್ದು ಸುಮ್ನೆ, ಲೆಕ್ಕ ಹಾಕದೆ. 2022ರ ಮಳೆಗಾಲ. ನಾನು ರಾವಬಹದ್ದೂರರ 'ಗ್ರಾಮಾಯಣ' ಹಿಡಿದಿದ್ದೆ. ನಮ್ಮ ಸೀಮೆಯ ಹಳ್ಳಿಯ ಕಥೆ, ನಮ್ಮದೇ ಮಾತು. ಆದರೂ ನನಗೆ ಮುಂದೆ ಹೋಗುತ್ತಿರಲಿಲ್ಲ. ಪಾಸಿನ ಹಳೇ ರಸೀದಿಯನ್ನು ಗುರುತಿಗೆ ಇಟ್ಟಿದ್ದೆ, ಅದು ಮೂರು ವಾರ ಜಾಗ ಬಿಟ್ಟು ಅಲ್ಲಾಡಲಿಲ್ಲ. ನರ್ಸ್ ನೋಡಿ ನೋಡಿ ಕೇಳಿದರು:

"ಇನ್ನೂ ಅದ ಪುಸ್ತಕ ಏನ್ರಿ? ಎಷ್ಟನೇ ಪುಟ?"

"ನಲವತ್ತು. ಮುಂದ ಹೋಗವಲ್ದು. ಊರ ತುಂಬ ಮಂದಿ, ಯಾರು ಯಾರ ಮಗ ಅಂತನ ತಿಳೀವಲ್ದು."

"ಹೌದಾ? ಕೊಡ್ರಿ ಇಲ್ಲೆ, ನಾ ನೋಡ್ತೀನಿ."

ಇಪ್ಪತ್ತು ದಿನದೊಳಗೆ ಮುಗಿಸಿದರು, ಅದೂ ರಾತ್ರಿ ಪಾಳಿಯಲ್ಲಿ. ವಿಚಿತ್ರ ಏನು ಗೊತ್ತಾ? ಎರಡು ತಿಂಗಳ ಹಿಂದೆ ಇದೇ ಪುಸ್ತಕವನ್ನು ಇದೇ ನರ್ಸ್ ಮುಂದೆ ನಾನು ಹುಲಕೋಟಿಯಿಂದ ಅಣ್ಣಿಗೇರಿ ತನಕ ಹೊಗಳಿದ್ದೆ, ಓದದೇ, ಅವರಿವರು ಹೇಳಿದ್ದನ್ನು ಕೇಳಿ. ಆಗ ಅವರು ಆಕಳಿಸಿದ್ದರು. ನಾನು ಮೇಲೆ ನಿಂತು ಹೇಳಿದಾಗ ಬೇಡವಾದದ್ದು, ನಾನು ಕೆಸರಲ್ಲಿ ಹೂತಾಗ ಬೇಕಾಯಿತು.

ಅಲ್ಲಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಗಾಡಿ ಹುಲಕೋಟಿ ಬಿಟ್ಟ ಮೇಲೆ ಒಬ್ಬೊಬ್ಬರೂ ಮೂರು ಮಾತು ಹೇಳಬೇಕು. ಯಾವ ಪುಸ್ತಕ, ಎಷ್ಟನೇ ಪುಟ, ಅಲ್ಲಿ ಈಗ ಏನು ನಡೆದಿದೆ. ಅಷ್ಟೇ. ಚೆಂದ ಇದೆ ಅನ್ನಬಾರದು, ಲೇಖಕರು ದೊಡ್ಡವರು ಅನ್ನಬಾರದು, ಪ್ರಶಸ್ತಿ ಬಂದಿದೆ ಅನ್ನಬಾರದು. ಏನೂ ಓದುತ್ತಿಲ್ಲ ಅಂದರೆ 'ಇಲ್ಲ' ಅಂದು ಪಲ್ಲೆ ಸೋಸಬಹುದು. ಅಣ್ಣಿಗೇರಿ ಬಂದರೆ ಮಾತು ಮುಗಿಯಿತು. ಪಂಪನ ಊರು, ಅಲ್ಲಿ ನಾವು ಬಾಯಿ ಮುಚ್ಚುವುದು ಮರ್ಯಾದೆ ಅಂತ ಟೈಪಿಸ್ಟ್ ಚೇಷ್ಟೆ ಮಾಡುತ್ತಾರೆ. ಖರೇ ಕಾರಣ ಬೇರೆ, ಅಲ್ಲಿ ಗದ್ದಲ ಜಾಸ್ತಿ.

ಇದರಿಂದ ಏನಾಗುತ್ತದೆ ಅಂದರೆ, ಕಥೆ ಅರ್ಧಕ್ಕೆ ತೂಗುತ್ತದೆ. ತೇಜಸ್ವಿಯವರ 'ಕರ್ವಾಲೋ' ಬಗ್ಗೆ ನಾನು ಹಿಂದೆ ಎಷ್ಟು ಭಾಷಣ ಮಾಡಿದ್ದೆನೋ. ಯಾರೂ ಮುಟ್ಟಿರಲಿಲ್ಲ. ಟೀಚರ್ ಒಬ್ಬರು ಒಂದು ಬೆಳಿಗ್ಗೆ, "ಇವರು ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೊಂಟಾರ, ಸಿಗತದೋ ಇಲ್ಲೋ ಗೊತ್ತಿಲ್ಲ" ಅಂದರು. ಸೀರೆ ಅಂಗಡಿಯ ಹುಡುಗಿ ತಟ್ಟನೆ, "ಓತಿಕ್ಯಾತ ಹಾರತದೇನ್ರಿ ಟೀಚರ್? ಖರೇನೋ ಸುಳ್ಳೋ?" ಅಂದಳು. ಟೀಚರ್ ಉತ್ತರ ಹೇಳಲಿಲ್ಲ. ಅವತ್ತೇ ಮೂರು ಜನ ಸರದಿ ಹೇಳಿದರು.

ಇನ್ನು ಧಾರವಾಡದವರು ಕೇಳಿದ ಚೀಟಿ. ಪುಸ್ತಕದ ಕೊನೆಯ ರಟ್ಟಿನ ಒಳಗೆ ಒಂದು ಉದ್ದ ಹಾಳೆ ಅಂಟಿಸುತ್ತೇನೆ. ಮೈದಾ ಅಂಟು ಬೇಡ, ಜಿರಲೆ ತಿನ್ನುತ್ತದೆ. ಫೆವಿಕಾಲ್ ತೆಳ್ಳಗೆ, ಮೇಲಂಚಿಗೆ ಮಾತ್ರ. ಅದರಲ್ಲಿ ಹೆಸರು, ತಿಂಗಳು, ಮತ್ತು 'ಎಲ್ಲಿ ಬಿಟ್ಟೆ' ಅನ್ನುವ ಒಂದು ಸಾಲು. ಮುಗಿಸಿದವರು ಅಡ್ಡಗೆರೆ ಹಾಕುತ್ತಾರೆ. ಬಿಟ್ಟವರು ಪುಟದ ನಂಬರ್ ಬರೆಯುತ್ತಾರೆ. ಇದೇ ನನ್ನ ಹೆಮ್ಮೆಯ ಸಂಗತಿ, ಹೇಳಿಕೊಳ್ಳುತ್ತೇನೆ. ಮೊದಲು ಪುಸ್ತಕ ವಾಪಸ್ ಬರದಿದ್ದ ದೊಡ್ಡ ಕಾರಣ ಕಳ್ಳತನ ಅಲ್ಲ, ಸಂಕೋಚ. ಓದದೇ ಹೆಂಗ ಕೊಡೂದು ಅಂತ ಇಟ್ಟುಕೊಂಡು ಇಟ್ಟುಕೊಂಡು ಕಪಾಟಿನ ಹಿಂದೆ ಬೀಳುತ್ತಿತ್ತು. ಈಗ 23ನೇ ಪುಟಕ್ಕೆ ಬಿಟ್ಟೆ ಅಂತ ಬರೆದು ಎರಡೇ ದಿನದಲ್ಲಿ ತಂದುಕೊಡುತ್ತಾರೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಹಿಂದಿನವರು 60ಕ್ಕೆ ಬಿಟ್ಟಿದ್ದಾರೆ ಅಂತ ಕಂಡರೆ ಮುಂದಿನವರಿಗೆ ಹಟ ಬರುತ್ತದೆ, 61 ದಾಟಿಯೇ ತೀರುತ್ತಾರೆ.

ಹಟಮಾರಿಗಳೂ ಇದ್ದಾರೆ. ಓದಿಯೂ ಕೊಡದವರು. ಅವರಿಂದ ಪುಸ್ತಕ ಬಿಡಿಸಿಕೊಳ್ಳಲು ನನ್ನ ಹತ್ತಿರ ಒಂದು ಉಪಾಯ ಇದೆ, ಜಗಳವಿಲ್ಲದೆ ನಾಲ್ಕು ದಿನದಲ್ಲಿ ಬರುತ್ತದೆ. ಇಲ್ಲಿ ಬರೆದರೆ ನಮ್ಮ ಗುಂಪಿನವರೇ ಓದಿ ಎಚ್ಚರಾಗುತ್ತಾರೆ. ಬೇಕಾದವರು ಎದುರಿಗೆ ಸಿಕ್ಕಾಗ ಕೇಳಿ.

ದುಡ್ಡಿನ ದಾರಿಯನ್ನು ಹೆಂಗಸರೇ ತೋರಿಸಿದರು. ಹೇಗೂ ತಿಂಗಳ ಚೀಟಿ ಹಾಕುತ್ತೇವೆ, ಪುಸ್ತಕದ್ದೂ ಒಂದು ಹಾಕೋಣ ಅಂದರು. ಹನ್ನೊಂದು ಜನ, ತಲೆಗೆ 50, ಕೂಡಿದರೆ 550. ಯಾರ ಹೆಸರು ಎದ್ದಿತೋ ಅವರು ತಮಗೆ ಬೇಕಾದ ಪುಸ್ತಕ ತರಬೇಕು. ಮೊದಲು ತಾವೇ ಓದಬೇಕು, ಆಮೇಲೆ ಸುತ್ತಿಗೆ ಬಿಡಬೇಕು. ಎಲ್ಲರ ಕೈ ದಾಟಿದ ಮೇಲೆ ಪುಸ್ತಕ ಅವರದೇ. ಎಲ್ಲರ ದುಡ್ಡಲ್ಲಿ ತಂದದ್ದು ಅಂದ ಮೇಲೆ ಓದದೇ ಹೇಗೆ ಬಿಡುತ್ತಾರೆ? ಇದು ನನ್ನ ತಲೆಯದೇನಲ್ಲ, ಮುಂಚಿತವಾಗಿ ದುಡ್ಡು ಕೂಡಿಸಿ ಪುಸ್ತಕ ಕೊಡುವುದನ್ನು ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಾಶನ 1933ರಿಂದ ಚಂದಾದಾರರ ಜೊತೆ ಮಾಡಿಕೊಂಡು ಬಂದಿದೆ. ಟೈಪಿಸ್ಟ್ ತಮ್ಮ ಸರದಿ ಬಂದಾಗ ಸುಭಾಷ್ ರಸ್ತೆಯಲ್ಲಿರುವ ಗ್ರಂಥಮಾಲೆಯ ಮಹಡಿ ಕಚೇರಿ 'ಅಟ್ಟ'ವನ್ನೇ ಹತ್ತಿ ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ' ತಂದರು. ಅದೇ ಅಟ್ಟದ ಮಾತು ಪುಸ್ತಕದೊಳಗೂ ಬರುತ್ತದೆ. ಅವತ್ತು ರೈಲಿನಲ್ಲಿ ಅವರ ಗತ್ತು ನೋಡಬೇಕಿತ್ತು, ಕಾರ್ನಾಡರ ಬೀಗರ ಹಾಗೆ ಕೂತಿದ್ದರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಚೀಟಿ ಎದ್ದವರಿಗೂ ಏಳದವರಿಗೂ ಅದೇ ಕತೆಗಳು ಬೇಕಾದವು. ನಾನು ಕೇಳಿದ ಎರಡು ಅಂಗಡಿಯಲ್ಲೂ ಖಾಲಿ. ಅವತ್ತಿನ ಮಟ್ಟಿಗೆ 'ಪ್ರಶಸ್ತಿ ಅನ್ನಬಾರದು' ಎಂಬ ನಿಯಮ ಗಾಳಿಗೆ ಹೋಯಿತು.

ನಡುವೆ ಕೆಲವು ಅಡ್ಡ ಪ್ರಯೋಗ ಮಾಡಿದೆ. ಪುಸ್ತಕಕ್ಕೆ ಪೂರ್ತಿ ಪೇಪರ್ ಸುತ್ತಿ, ಹೆಸರು ಕಾಣದ ಹಾಗೆ ಕೊಡುವುದು. ಎರಡು ಸಲ ಮಜಾ ಬಂತು. ಮೂರನೇ ಸಲ ನರ್ಸ್‌ಗೆ ಅವರು ಮೊದಲೇ ಓದಿದ್ದೇ ಹೋಯಿತು. ಬಿಟ್ಟೆ. ಇನ್ನೊಂದು, ಗದಗಿನವರಾಗಿ ಕುಮಾರವ್ಯಾಸನನ್ನು ಬಿಡುವುದು ಹೇಗೆ ಅಂತ ಭಾರತವನ್ನು ಗಟ್ಟಿಯಾಗಿ ಓದಲು ಹೋದೆ. ಗಾಡಿಯ ಸದ್ದಿಗೂ ಭಾಮಿನಿ ಷಟ್ಪದಿಗೂ ತಾಳ ಕೂಡುತ್ತದೆ ಅಂತ ನನ್ನ ಲೆಕ್ಕ. ಕೂಡಲಿಲ್ಲ. ನನ್ನ ಗಂಟಲು ಬಿತ್ತು. ಆದರೆ ಮೂಲೆಯಲ್ಲಿ ಕೂತಿದ್ದ, ಗುಂಪಿಗೆ ಸೇರದ ಒಬ್ಬ ಅಜ್ಜಿ ನಾನು ತಡವರಿಸಿದ ಪದ್ಯವನ್ನು ಪುಸ್ತಕವಿಲ್ಲದೆ ಪೂರ್ತಿ ಮಾಡಿದರು. "ನಮ್ಮಪ್ಪ ಮಗ್ಗದ ಮುಂದ ಹಾಡತಿದ್ದಾ ಯವ್ವಾ" ಅಂದರು. ಆಮೇಲೆ ಅವರು ಮತ್ತೆ ಕಾಣಲಿಲ್ಲ.

ಮೆಚ್ಚಿನ ಪುಸ್ತಕ ಹೇಳುವ ವಿಷಯಕ್ಕೆ ಬರುತ್ತೇನೆ, ಅಲ್ಲಿ ನನಗೆ ಜಾಸ್ತಿ ಪೆಟ್ಟಾಗಿದೆ. ಕಾರಂತರ 'ಮೂಕಜ್ಜಿಯ ಕನಸುಗಳು' ನನಗೆ ಪ್ರಾಣ. ಟೈಪಿಸ್ಟ್‌ಗೆ ಮೊಟ್ಟಮೊದಲು ಅದನ್ನೇ ಕೊಟ್ಟಿದ್ದೆ. ಮೂರನೇ ದಿನ ವಾಪಸ್, 22ನೇ ಪುಟ. ಒಂದು ವಾರ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ ನಾನು. ನಮ್ಮ ಮೆಚ್ಚಿನದನ್ನು ಕೊಟ್ಟರೆ ನಮ್ಮನ್ನೇ ಕೊಟ್ಟ ಹಾಗೆ ಕಾಯುತ್ತೇವೆ. ಅವರಿಗೂ ಹಿಂಸೆ, ನಮಗೂ ಹಿಂಸೆ. ಈಗ ಯಾರಾದರೂ ಬಾಯಿಬಿಟ್ಟು ಕೇಳಿದರೆ ಮಾತ್ರ ಹೇಳುತ್ತೇನೆ, ಅದೂ ಒಬ್ಬರಿಗೆ ಒಂದೇ ಹೆಸರು. ಎರಡು ಹೇಳಿದರೆ ಎರಡೂ ಓದುವುದಿಲ್ಲ. ಹೊಸಬರಿಗೆ ಮೊದಲ ಪುಸ್ತಕ ಆರಿಸಲು ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ಕೊನೆಯ ಸಲ ಯಾವ ಸಿನಿಮಾ ಅರ್ಧಕ್ಕೆ ಎದ್ದು ಬಂದಿರಿ. ಇನ್ನೊಂದನ್ನು ಹೇಳುವುದಿಲ್ಲ.

ಮೂರು ವರ್ಷದ ಒಟ್ಟು ಲೆಕ್ಕ: ಹತ್ತಿರ ಹತ್ತಿರ 90 ಪುಸ್ತಕ ಸುತ್ತು ಹೊಡೆದಿವೆ. ಕಳೆದದ್ದು ನಾಲ್ಕು, ಅದರಲ್ಲಿ ಒಂದು ಮಳೆಗೆ ನೆಂದು ಹೋದದ್ದು. ನನ್ನ ಕೈಯಿಂದ ಖರ್ಚು, ಚೀಟಿ ಕೂಡಿಸಿ, ವರ್ಷಕ್ಕೆ 1,000 ದಾಟುವುದಿಲ್ಲ. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿಗೆ ಗಾಡಿ ಬಂದ ದಿನ ಇಳಿದ ಮೇಲೂ ಮಾತು ನಡೆಯುತ್ತದೆ. ಅಷ್ಟು ದೂರ ನಡೆಯುವಾಗ ಇನ್ನೇನು ಮಾಡುವುದು, ಅಲ್ವಾ?

ಒಂದು ಮಾತ್ರ ಬಾಕಿ. 'ಗ್ರಾಮಾಯಣ'ದ ಚೀಟಿಯಲ್ಲಿ ಮೊದಲ ಹೆಸರು ನನ್ನದು, ಅದರ ಮುಂದೆ 40. ಕೆಳಗೆ ಆರು ಅಡ್ಡಗೆರೆ. ಹೋದ ವಾರ ಸೀರೆ ಅಂಗಡಿಯ ಹುಡುಗಿ ಎಲ್ಲರೆದುರು ಅದನ್ನು ತೆರೆದು, "ಅಕ್ಕಾ, ನೀವು ಮುಗಿಸಲೇ ಇಲ್ಲಲ್ಲ?" ಅಂದಳು. ಮತ್ತೆ ಹಿಡಿದಿದ್ದೇನೆ. ಈಗ 131. ನಾಳೆ ಹುಲಕೋಟಿ ದಾಟಿದ ಮೇಲೆ ನನ್ನನ್ನೇ ಮೊದಲು ಕೇಳುತ್ತಾರೆ, ಇವತ್ತು ರಾತ್ರಿ ಹತ್ತು ಪುಟವಾದರೂ ಆಗಬೇಕು.